ಸ್ಟ್ರೆಚರಿನಲ್ಲೇ ಉಳಿದವನು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಗಂಗಾವತಿಯ ಕಾಲುವೆ ಬಯಲಿನ ಭತ್ತಕ್ಕೆ ಹೆಲಿಕಾಪ್ಟರಿನಿಂದ ಔಷಧಿ ಹೊಡೆಯುತ್ತಿದ್ದೆ. ಹುಟ್ಟಿದ್ದು ಕುಷ್ಟಗಿ ಸೀಮೆಯ ಒಕ್ಕಲುತನದ ಮನೆಯಲ್ಲಿ. ವಾಯುಪಡೆಯ ನೌಕರಿ ಮುಗಿಸಿ ಊರ ಕಡೆ ಬಂದವನಿಗೆ ಹಾರುವುದೊಂದನ್ನು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ನಮ್ಮ ಕಂಪನಿಯ ಯಂತ್ರವೂ ನನ್ನ ಹಾಗೆ ಪಡೆಯಿಂದ ನಿವೃತ್ತವಾದದ್ದೇ. ಮುಂದೆ ಗಾಜಿನ ಗುಂಡನೆಯ ಬುರುಡೆ, ಹಿಂದೆ ಬರೀ ಕೊಳವೆಗಳನ್ನು ಹೆಣೆದ ಬಾಲ. ಮೇಲೆ ಹಳದಿ ಬಣ್ಣ ಬಳಿದಿದ್ದರು; ಅಲ್ಲಲ್ಲಿ ಅದು ಹಕ್ಕಳೆ ಎದ್ದು ಒಳಗಿನ ಸೇನೆಯ ಹಸಿರು ಇಣುಕುತ್ತಿತ್ತು.

ಒಂದು ಬೇಸಿಗೆ ಕೊಪ್ಪಳದಲ್ಲಿ ಮಾಜಿ ಸೈನಿಕರ ಸನ್ಮಾನಕ್ಕೆಂದು ಒಂದು ಮೇಳ ನಡೆಸಲು ಊರಿನ ಕೆಲವರು ಮುಂದಾದರು. ಅವರ ಮುಖಂಡ ಅರಳೆಯ ವ್ಯಾಪಾರಿ. ಅವರು ಗಂಗಾವತಿಗೇ ಬಂದು ನನ್ನನ್ನು ಕಂಡರು.

"ಯುದ್ಧದಾಗ ಗಾಯ ಆದವರನ್ನ ಹೆಲಿಕಾಪ್ಟರದಾಗ ಎತ್ತಿಕೊಂಡು ಹೋಗತಾರಲ್ರಿ, ಅದನ್ನ ಮಾಡಿ ತೋರಸ್ರಿ. ನಮ್ಮ ಮಂದಿ ನೋಡಿಲ್ಲ."

"ನಾ ಯುದ್ಧದಾಗ ಯಾರನ್ನೂ ಎತ್ತಿಲ್ರಿ," ಎಂದೆ. ಅದು ನಿಜ. ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ನಾನು ದಕ್ಷಿಣದ ಒಂದು ನೆಲೆಯಲ್ಲಿ ಹೊಸಬರಿಗೆ ಹಾರಾಟ ಕಲಿಸುತ್ತಿದ್ದೆ. ಗುಂಡಿನ ಸದ್ದು ಕೇಳಿದ್ದು ಅಭ್ಯಾಸದ ಮೈದಾನದಲ್ಲಿ ಮಾತ್ರ.

"ಅದನ್ನ ಯಾರು ಕೇಳ್ತಾರ್ರಿ? ನೀವು ನಮ್ಮವರು, ಅಷ್ಟ ಸಾಕು."

ಕಂಪನಿಯವರು ಒಪ್ಪಿದರು. ಔಷಧಿಯ ಪೀಪಾಯಿಗಳನ್ನು ಕಳಚಿ, ಆ ಜಾಗದಲ್ಲಿ ಹೊರಗಡೆಗೆ ಸ್ಟ್ರೆಚರಿನ ಚೌಕಟ್ಟು ಕೂರಿಸಿದೆವು. ಮತ್ತೆ ಹಸಿರು ಬಳಿದೆವು. ಎಷ್ಟು ತೊಳೆದರೂ ಔಷಧಿಯ ವಾಸನೆ ಮಾತ್ರ ಹೋಗಲಿಲ್ಲ.

ಗಾಯಾಳುವಿನ ಪಾತ್ರಕ್ಕೆ ಯಲಬುರ್ಗಾದಿಂದ ಒಬ್ಬ ಮಾಜಿ ಸೈನಿಕನನ್ನು ಕರೆಸಿದ್ದರು. ಅದೇ ಎಪ್ಪತ್ತೊಂದರ ಯುದ್ಧದಲ್ಲಿ ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಈಗ ಹೈಸ್ಕೂಲಿನಲ್ಲಿ ಗಂಟೆ ಬಾರಿಸುತ್ತಿದ್ದ. ಕಾಲಿಲ್ಲದವನಾದರೆ ನೋಟ ಖರೇ ಅನ್ನಿಸುತ್ತದೆ ಎಂಬುದು ಅವನನ್ನು ಆರಿಸಿದವರ ಲೆಕ್ಕ. ನನಗೆ ಅದು ಸರಿ ಕಾಣಲಿಲ್ಲ. ಆದರೆ ಬೇಡವೆಂದು ಹೇಳಲೂ ಇಲ್ಲ.

ಗಿಣಿಗೇರಾ ಕಡೆಯ ಬಯಲಿನಲ್ಲಿ ಅಭ್ಯಾಸ ಮಾಡಿದೆವು. ರೆಕ್ಕೆಯ ಗಾಳಿಗೆ ಕೈ ಹೊರಬಿದ್ದರೆ ಅಪಾಯವೆಂದು ಅವನ ಎರಡೂ ಕೈಗಳನ್ನು ಕಂಬಳಿಯೊಳಗಿಟ್ಟು, ಎದೆಗೂ ತೊಡೆಗೂ ದಪ್ಪ ಪಟ್ಟಿ ಬಿಗಿದೆ. ಆ ಪಟ್ಟಿಯ ಕೊಂಡಿಯನ್ನು ಯಾರಾದರೂ ಬಿಗಿಯಬಹುದು, ಆದರೆ ರೂಢಿಯಿಲ್ಲದವರಿಗೆ ಬಿಚ್ಚಲು ಬರುವಂಥದ್ದಲ್ಲ.

"ಕೆಳಗ ಇಳಿದ ಮ್ಯಾಲ ನಾನ ಬಂದು ಬಿಚ್ಚತೀನಿ. ಅಲ್ಲಿತನಕ ಅಲಗಾಡಬ್ಯಾಡಪಾ," ಎಂದೆ.

"ಆತ್ರಿ ಸಾಹೇಬ್ರ," ಎಂದು ಮಲಗಿದಲ್ಲಿಂದಲೇ ಸಲಾಮು ಹೊಡೆಯಲು ಹೋದ. ಕೈ ಒಳಗೆ ಕಟ್ಟಿಸಿಕೊಂಡಿದ್ದು ನೆನಪಾಗಿ ನಕ್ಕ.

ಮೇಳದ ದಿನ ಕೋಟೆ ಗುಡ್ಡದ ಕೆಳಗಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಕನೂರು, ಅಳವಂಡಿ ಕಡೆಯಿಂದ ಟ್ರ್ಯಾಕ್ಟರು ತುಂಬಿಕೊಂಡು ಜನ ಬಂದಿದ್ದರು. ಟೈರು ಸುಟ್ಟು ಹೊಗೆ ಎಬ್ಬಿಸಿದರು, ಪಟಾಕಿ ಸರಗಳನ್ನು ಹಚ್ಚಿ ಗುಂಡಿನ ಸದ್ದು ಮಾಡಿದರು. ಹೊಗೆಯ ನಡುವೆ ಇಳಿದೆ. ಸೈನಿಕರ ವೇಷದ ಇಬ್ಬರು ಓಡಿಬಂದು ಅವನನ್ನು ಚೌಕಟ್ಟಿನ ಮೇಲೆ ಮಲಗಿಸಿ ಪಟ್ಟಿ ಬಿಗಿದರು. ಮೇಲೆದ್ದು ಗುಡ್ಡವನ್ನು ಒಂದು ಸುತ್ತು ಹಾಕಿದೆ. ಗಾಜಿನಾಚೆ, ನನ್ನ ಕೈಗೆ ಎಟುಕುವಷ್ಟು ಸಮೀಪದಲ್ಲಿ ಅವನ ತಲೆಯಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಕೆಳಗಿನ ಕೂಗು ಎಂಜಿನ್ನಿನ ಸದ್ದನ್ನೂ ಮೀರಿ ನನಗೆ ಕೇಳಿದಂತಾಯಿತು. ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನಾನು ಯುದ್ಧದಿಂದಲೇ ಬರುತ್ತಿದ್ದೇನೆ ಅನ್ನಿಸಿತ್ತು.

ವೇದಿಕೆಯ ಮುಂದೆ ಇಳಿದು ಎಂಜಿನ್ ನಿಲ್ಲಿಸಿದೆ. ರೆಕ್ಕೆ ನಿಲ್ಲುವುದೇ ತಡ, ಜನ ಅಡ್ಡ ಕಟ್ಟಿದ್ದ ಹಗ್ಗ ಕಿತ್ತುಕೊಂಡು ನುಗ್ಗಿದರು. ನನ್ನ ಮೆಕ್ಯಾನಿಕ್ ಬಾಲದ ಕಡೆ ಯಾರೂ ಹೋಗದಂತೆ ತಡೆಯಲು ಹಿಂದಕ್ಕೆ ಓಡಿದ. ನಾನು ಬಾಗಿಲು ತೆರೆದು ಕೆಳಗಿಳಿಯುವಷ್ಟರಲ್ಲಿ ಅರಳೆ ವ್ಯಾಪಾರಿ ಮೊಣಕಾಲು ಮುಟ್ಟುವ ಚೆಂಡುಹೂವಿನ ಹಾರ ಹಾಕಿದರು. ಯಾರೋ ನನ್ನನ್ನು ಹೆಗಲಿಗೆ ಏರಿಸಿಕೊಂಡರು. ವೇದಿಕೆಯ ಮೇಲೆ ಕುರ್ಚಿ, ಶರಬತ್ತು, ಭಾಷಣ. "ನಮ್ಮ ನಾಡಿನ ವೀರಪುತ್ರ" ಎಂದಾಗ ಎದ್ದು ನಿಂತು ಕೈ ಮುಗಿದೆ. ಮತ್ತೊಬ್ಬರು ಮಾತಾಡಿದರು. ಮತ್ತೊಮ್ಮೆ ಕೈ ಮುಗಿದೆ.

ಹಾಗೆ ಕೈ ಮುಗಿಯುವಾಗಲೇ ಮೈದಾನದಲ್ಲಿ ಗದ್ದಲವೆದ್ದಿತು. ಒಬ್ಬ ಹೆಂಗಸು ಕೈಯಲ್ಲಿ ಚೂರಿ ಹಿಡಿದು ಹೆಲಿಕಾಪ್ಟರಿಗೆ ಅಡರಿಕೊಂಡಿದ್ದಳು. ಪೊಲೀಸರು ಲಾಠಿ ಎತ್ತಿ ಅವಳ ಕಡೆ ಓಡುತ್ತಿದ್ದರು. "ಹುಚ್ಚಿ ಅದಾಳ, ಹಿಡೀರಿ!" ಎಂದು ಮೈಕಿನಲ್ಲಿ ಯಾರೋ ಕೂಗಿದರು. ಒಬ್ಬ ಪೇದೆ ಅವಳ ರಟ್ಟೆ ಹಿಡಿದು ತಿರುವಿದ. ಅವಳು ಬಿಡಿಸಿಕೊಂಡು ಮತ್ತೆ ಚೂರಿ ಹಾಕಿ ಏನನ್ನೋ ಕೊಯ್ಯತೊಡಗಿದಳು.

ಆಗ ನನಗೆ ನೆನಪಾಯಿತು.

ವೇದಿಕೆಯಿಂದ ಹಾರಿದೆ. ಹಾರ ಕಾಲಿಗೆ ತೊಡರಿ ಬಿದ್ದು ಎದ್ದು ಓಡಿದೆ. ಅವಳು ಸ್ಟ್ರೆಚರಿನಲ್ಲಿದ್ದವನ ಹೆಂಡತಿ. ಹೆಂಗಸರ ಸಾಲಿನಲ್ಲಿ ಕೂತು, ಈಗ ಬಿಚ್ಚುತ್ತಾರೆ, ಆಗ ಬಿಚ್ಚುತ್ತಾರೆ ಎಂದು ಕಾದು, ಕೊನೆಗೆ ತಾನೇ ಬಂದು ಕೊಂಡಿಯ ಜೊತೆ ಗುದ್ದಾಡಿ, ಕಲ್ಲಂಗಡಿ ಮಾರುವವನ ಚೂರಿ ಕಸಿದುಕೊಂಡು ಬಂದಿದ್ದಳು. ಎದೆಯ ಪಟ್ಟಿ ತುಂಡಾಗಿತ್ತು. ಕಂಬಳಿ ಬೆವರಿನಿಂದ ಒದ್ದೆಯಾಗಿತ್ತು. ಉರಿಬಿಸಿಲಿನಲ್ಲಿ, ಕಾದ ಎಂಜಿನ್ನಿನ ಪಕ್ಕದಲ್ಲಿ, ಔಷಧಿಯ ನಾತದಲ್ಲಿ ಅವನು ಬಿದ್ದುಕೊಂಡಿದ್ದ. ತೊಡೆಯ ಕೊಂಡಿಯನ್ನು ನಾನು ಬಿಚ್ಚಿದೆ.

ನೀರು ಕುಡಿಸಿದ ಮೇಲೆ ಅವನು ಕಣ್ಣುಬಿಟ್ಟ.

"ಕೂಗಬಾರದೇನೋ?" ಎಂದೆ. ಎಂಥ ಮಾತು! ತಪ್ಪು ಅವನದೇ ಅನ್ನುವ ಹಾಗೆ.

"ಆಟ ಇನ್ನಾ ಮುಗಿದಿಲ್ಲ ಅನ್ಕೊಂಡೆ ನೋಡ್ರಿ," ಎಂದ. "ನಾ ಬರೂತನಕ ಅಲಗಾಡಬ್ಯಾಡ ಅಂದಿದ್ರೆಲ್ಲ."

ಮುಂದಿನ ಭಾನುವಾರ ಬಸ್ಸು ಹಿಡಿದು ಯಲಬುರ್ಗಾಕ್ಕೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅವನ ಹೊಸ್ತಿಲಲ್ಲಿ ಒಂದೂ ಬರಲಿಲ್ಲ. ಅವನು ಊರುಗೋಲಿನ ಮೇಲೆ ಕುಂಟುತ್ತ ಬಂದು ಚಾಪೆ ಹಾಸಿದ. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಣ್ಣುತ್ತ ಅವನು ತಾನಾಗಿಯೇ ಹೇಳಿದ: ಮರಳುಗಾಡಿನಲ್ಲಿ ಗಾಯವಾಗಿ ಬಿದ್ದಾಗ ಒಂದು ಹೆಲಿಕಾಪ್ಟರು ತಲೆಯ ಮೇಲೆಯೇ ಹೋಯಿತಂತೆ. ಕೈ ಬೀಸಿದನಂತೆ. ಅದು ಇಳಿಯಲಿಲ್ಲ. ಮರುದಿನ ಲಾರಿ ಬರುವ ಹೊತ್ತಿಗೆ ಕಾಲು ಉಳಿಸಿಕೊಳ್ಳುವ ಮಾತು ಮುಗಿದಿತ್ತು.

"ಹಿಂಗಾಗಿ ಒಮ್ಮೆ ಎತ್ತಿಸಿಕೊಂಡು ನೋಡೂಣು ಅಂತ ಹೂಂ ಅಂದಿದ್ದೆ," ಎಂದು ನಕ್ಕ.

ಅವನ ಹೆಂಡತಿ ನಗಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಲ್ಲಿ ಬಿಟ್ಟು ಹೋದವ್ರಿಗೆ ನಡುವ ಗುಂಡು ಅಡ್ಡ ಬಂದಿದ್ದವು ಅನ್ರಿ. ಇಲ್ಲಿ ನಿಮಗೇನ್ರಿ ಅಡ್ಡ ಬಂದಿತ್ತು? ಹೂವಿನ ಹಾರ?"

"ಏ, ಸುಮ್ಕಿರ," ಎಂದ ಅವನು.

"ಆಟದಾಗ ಸುದ್ದಾ ಮರತ್ರಲ್ರಿ," ಎಂದು ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಅವನಿಗೆ ಏನಾದರೂ ಕೊಡಬೇಕೆಂದು, "ಒಂದಿನ ಗಂಗಾವತಿಗೆ ಬಾ. ನನ್ನ ಬಾಜೂಕ ಕುಂಡ್ರಿಸಿಕೊಂಡು ಹಾರಸ್ತೀನಿ," ಎಂದೆ.

ಅವನು ತಲೆಯಾಡಿಸಿದ. "ಬ್ಯಾಡ್ರಿ. ಮ್ಯಾಲ ಹೋದ ಮ್ಯಾಲ ಇಳಸೂದು ಮತ್ತೊಬ್ರ ಕೈಯಾಗ ಇರತೈತಿ."

ಒಂದೆರಡು ವರ್ಷದಲ್ಲಿ ಕಂಪನಿ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು. ನಾನು ಗಂಗಾವತಿಯಲ್ಲೇ ಪಂಪುಸೆಟ್ಟಿನ ಅಂಗಡಿ ಹಾಕಿದೆ. ವಸೂಲಿಗೆಂದು ಒಮ್ಮೆ ಕುಕನೂರಿನ ಸಂತೆಗೆ ಹೋದಾಗ ಚಹಾದಂಗಡಿಯಿಂದ ಯಾರೋ ಕೂಗಿದರು. ನೋಡಿದರೆ ಅವನೇ. ಸುತ್ತ ಐದಾರು ಜನ. ಹೆಂಡತಿ ಆಚೆಗೆ ಕಾಯಿಪಲ್ಲೆಯ ಚೀಲ ಹಿಡಿದು ನಿಂತಿದ್ದಳು.

"ನೋಡ್ರಪಾ, ಹೇಳತಿದ್ನೆಲ್ಲ, ಇವ್ರ ಅವ್ರು," ಎಂದು ನನ್ನ ಕೈ ಹಿಡಿದುಕೊಂಡ. "ಯುದ್ಧದಾಗ ಗುಂಡು ಹಾರೂವಾಗ ಇಳದು ನನ್ನ ಎತ್ತಿಕೊಂಡು ಬಂದವ್ರು!"

ಜನ ಎದ್ದು ನಿಂತರು. ಅಂಗಡಿಯವನು ನನಗೆ ಕೆನೆ ಹಾಕಿ ಚಹಾ ಕೊಟ್ಟ. ನಾನು ಬಾಯಿ ತೆರೆದೆ. ಅವನು ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿದ. ಬಾಯಿ ಮುಚ್ಚಿದೆ.

ಬಸ್ ನಿಲ್ದಾಣದ ದಾರಿಯಲ್ಲಿ ಕೇಳಿದೆ: "ಹಿಂಗ್ಯಾಕ ಹೇಳಿದಿ?"

"ಯಾರೂ ಬರಲಿಲ್ಲ ಅಂತ ಹೇಳಿದ್ರ ಮಂದಿ ಪಾಪ ಅಂತಾರ್ರಿ. ಪಾಪ ಅನಿಸಿಕೊಂಡು ಸಾಕಾಗೇತಿ. ಹಿಂಗ ಹೇಳಿದ್ರ ಕುಂತು ಕೇಳತಾರ."

ಅವನ ಹೆಂಡತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಯಲಬುರ್ಗಾದ ಬಸ್ಸು ಬಂತು. ಅವಳು ಮೊದಲು ಹತ್ತಿ ಊರುಗೋಲು ಎಳೆದುಕೊಂಡಳು. ನಾನು ಅವನ ಸೊಂಟಕ್ಕೆ ಕೈಕೊಟ್ಟು ಮೇಲೆ ಹತ್ತಿಸಿದೆ. ಅವನು ನಾನು ಅಂದುಕೊಂಡಿದ್ದಕ್ಕಿಂತ ಹಗುರಾಗಿದ್ದ.