ಖಾಲಿ ಕಿಟಕಿ ಕಂಡರೆ ನಿಲ್ಲಬಾರದು

ಅಮೆರಿಕದ ಪ್ಲಿಮತ್. ಅಕ್ಟೋಬರ್ ಕೊನೆಯ ಶನಿವಾರ, ಸಂಜೆ ಐದು ಗಂಟೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಮೊಮ್ಮಗಳು. ರಾತ್ರಿ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದು ಹಿಮ ಕಟ್ಟುತ್ತದೆಂದು ಫೋನಿಗೆ ಎಚ್ಚರಿಕೆ ಬಂದಿತ್ತು. ಹೊರಗಿನ ಕುಂಡಗಳನ್ನು ಒಳಗೆ ತರಬೇಕು. ತುಳಸಿ, ಕರಿಬೇವು, ದೊಡ್ಡಪತ್ರೆ ಮುಗಿದವು. ಜೆರೇನಿಯಂ ಎತ್ತುವಾಗ ಒಂದು ಎಲೆ ಬೆರಳಿಗೆ ಸಿಕ್ಕಿ ಜಜ್ಜಿಹೋಯಿತು.

"ತಾತಾ, ಯಕ್! ಇಟ್ ಸ್ಟಿಂಕ್ಸ್," ಎಂದು ಮೊಮ್ಮಗಳು ಮೂಗು ಮುಚ್ಚಿಕೊಂಡಳು.

ಆ ಘಾಟಿನ ಗಿಡ ಎದುರು ಮನೆಯಲ್ಲಿದ್ದವರದು...

ಅವರು ಸ್ಪೇನಿನವರು. ಬಾರ್ಸಿಲೋನಾ ಬಳಿಯ ಒಂದು ಕಾರ್ಖಾನೆ ಊರಿನಲ್ಲಿ ಲೇತ್ ಕೆಲಸ ಕಲಿತು, ಅಮೆರಿಕದ ಟೀಚರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಜೊತೆಗಿದ್ದಳು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು. ದಿನವೂ ಏಳಕ್ಕೆ ಬಾಗಿಲು ತೆರೆಯುತ್ತೇನೆ. ಅದೇ ಹೊತ್ತಿಗೆ ಅವರು ಕೆಂಪು ಜೆರೇನಿಯಂ ಕುಂಡವನ್ನು ಬೀದಿ ಕಡೆಯ ಕಿಟಕಿಯಲ್ಲಿ ಇಡುತ್ತಿದ್ದರು. ಅದು ಉತ್ತರದ ಕಿಟಕಿ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲಿ ಬಿಸಿಲೇ ಬೀಳಲ್ಲವಲ್ಲ, ಗಿಡ ಬದುಕುತ್ತಾ?"

"ಗಿಡಕ್ಕೋಸ್ಕರ ಇಡೋದಲ್ಲ. ಬರೋರಿಗೋಸ್ಕರ," ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನೆನಪಿಗೆ ಬರುವುದು ಮಾತ್ರ ಹೀಗೆ ಕನ್ನಡದಲ್ಲಿ.

ಸರ್ವಾಧಿಕಾರಿಯ ಕಾಲದಲ್ಲಿ ಸ್ಪೇನಿನಲ್ಲಿ ಕಮ್ಯುನಿಸ್ಟರು ತಲೆಮರೆಸಿಕೊಂಡು ಬದುಕಬೇಕಾಗಿತ್ತು. ಇವರ ಮನೆಯಲ್ಲಿ ಗುಟ್ಟಾಗಿ ಸಭೆ ಸೇರುತ್ತಿದ್ದರು. ಕಿಟಕಿಯಲ್ಲಿ ಕುಂಡವಿದ್ದರೆ ಒಳಗೆ ಬರಬಹುದು. ಇಲ್ಲದಿದ್ದರೆ ಪೊಲೀಸರು ಕಾದಿದ್ದಾರೆಂದು ಅರ್ಥ: ನಿಲ್ಲಬಾರದು, ತಿರುಗಿ ನೋಡಬಾರದು, ಮತ್ತೆ ಸಂಪರ್ಕ ಇಟ್ಟುಕೊಳ್ಳಬಾರದು. ಒಮ್ಮೆ ಪೊಲೀಸರು ಮೆಟ್ಟಿಲು ಹತ್ತುವಾಗ ಇವರ ತಾಯಿ ನೀರು ಹಾಕುವವರಂತೆ ಕುಂಡವನ್ನು ಎತ್ತಿಕೊಂಡರಂತೆ. ಕೆಳಗೆ ಬೀದಿಯಲ್ಲಿ ಬರುತ್ತಿದ್ದ ಇವರ ಆಪ್ತ ಗೆಳೆಯ ಅದನ್ನು ಕಂಡು ನೇರ ನಡೆದುಹೋದರು. ಗೆಳೆಯ ಉಳಿದರು, ಇವರು ಜೈಲಿಗೆ ಹೋದರು.

ಅಂಥ ಗೆಳೆತನ ಮುರಿದದ್ದು ಜೈಲಿನಿಂದಲ್ಲ, ಬಿಡುಗಡೆಯಿಂದ. ಸರ್ವಾಧಿಕಾರಿ ಸತ್ತ ಮೇಲೆ ಪಕ್ಷಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು. ಪಕ್ಷದ ನಾಯಕರು ರಾಜನನ್ನೂ ರಾಜನ ಬಾವುಟವನ್ನೂ ಒಪ್ಪಿಕೊಂಡರು. ಒಪ್ಪದಿದ್ದರೆ ಸೈನ್ಯ ಮತ್ತೆ ಬೀದಿಗಿಳಿಯುತ್ತದೆ ಎಂದು ಗೆಳೆಯನ ವಾದ. ಸತ್ತವರೆಲ್ಲ ಸತ್ತದ್ದು ರಾಜನಿಲ್ಲದ ಗಣರಾಜ್ಯದ ಬಾವುಟಕ್ಕಾಗಿ ಎಂದು ಇವರ ವಾದ. ಕ್ರಮೇಣ ಮಾಸ್ಕೋ ಕಡೆಯವರು, ಮಾಸ್ಕೋ ಬೇಡವೆನ್ನುವವರು ಎಂದು ಊರೂರಿನ ಶಾಖೆಗಳೂ ಒಡೆದವು. ಒಂದೇ ಕಾರ್ಖಾನೆಯವರು ಊಟದ ಹೊತ್ತಿನಲ್ಲಿ ಬೇರೆ ಬೇರೆ ಮೇಜಿಗೆ ಕೂರತೊಡಗಿದರು.

ಗೆಳೆಯ ಎಲ್ಲರೆದುರು ಹಂಗಿಸಿದ್ದರಂತೆ: "ಪೊಲೀಸರು ಈಗ ನಮಗೇ ಸಲ್ಯೂಟ್ ಹೊಡೀತಾರೆ, ನೀನಿನ್ನೂ ನಿಮ್ಮಮ್ಮನ ಹಾಗೆ ಕುಂಡ ಹಿಡ್ಕೊಂಡು ಕೂತಿದೀಯಲ್ಲೋ!" ಮುಂದೆ ಇವರನ್ನು ಹೊರಹಾಕುವ ಗೊತ್ತುವಳಿ ಬಂದಾಗ ಮೊದಲು ಕೈ ಎತ್ತಿದವರೂ ಆ ಗೆಳೆಯನೇ. ಇದನ್ನು ಹೇಳುವಾಗ ಎದುರು ಮನೆಯವರ ದನಿ ಏರುತ್ತಿರಲಿಲ್ಲ. ಕಾಫಿ ಲೋಟ ಮಾತ್ರ ಕೆಳಗಿಡುತ್ತಿದ್ದರು.

ಆ ಗೆಳೆಯನೂ ಕಡೆಗೆ ಶಿಕಾಗೋಗೆ ಬಂದು ಮಗನ ಮನೆ ಸೇರಿದ್ದರು. ಇನ್ನೂರೈವತ್ತು ಮೈಲಿ ದೂರ. ಆದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕಳೆದ ವರ್ಷ ಎದುರು ಮನೆಯವರಿಗೆ ಶ್ವಾಸಕೋಶ ಕೈಕೊಟ್ಟಿತು. ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದರು. ಮಗಳು ಅಪ್ಪನಿಗೆ ತಿಳಿಸದೆ ಶಿಕಾಗೋಗೆ ಫೋನ್ ಮಾಡಿದಳು. ಗೆಳೆಯ ಶನಿವಾರ ತಾವೇ ಡ್ರೈವ್ ಮಾಡಿಕೊಂಡು ಬರುತ್ತೇನೆಂದರು. ಕಿಟಕಿಯಲ್ಲಿ ಈಗಲೂ ಕುಂಡವಿದೆ, ಅದೇ ಗುರುತು ಎಂದು ಮಗಳು ವಿಳಾಸ ಹೇಳಿದ್ದಳು. ವಿಷಯ ಕೇಳಿ ಇವರು ಕ್ಷೌರ ಮಾಡಿಸಿಕೊಂಡರು, ಇಸ್ತ್ರಿ ಮಾಡಿದ ಅಂಗಿ ಕೇಳಿದರು.

"ಬೈಯೋಕೆ ಕರೆಸ್ತಿದೀರಾ?" ಎಂದು ನಾನು ತಮಾಷೆ ಮಾಡಿದೆ.

"ಮೊದಲು ಬೈತೀನಿ. ಆಮೇಲೆ ನೋಡೋಣ," ಎಂದರು.

ಆ ವರ್ಷದ ಗಾಳಿಯೇ ಸರಿಯಿರಲಿಲ್ಲ. ಶಿಕಾಗೋ ಕಡೆ ಗುರುತಿಲ್ಲದ ವ್ಯಾನುಗಳು, ಮುಖ ಮುಚ್ಚಿಕೊಂಡ ವಲಸೆ ಇಲಾಖೆಯವರು ಬೀದಿಯಲ್ಲಿ ಜನರನ್ನು ಹಿಡಿಯುತ್ತಿದ್ದ ದಿನಗಳು. ಶಿಕಾಗೋ ಬಳಿಯ ಪ್ಲೇನ್‌ಫೀಲ್ಡ್‌ನಲ್ಲಿರುವ ನನ್ನ ಮಗಳು ಹಾಲು ತರಲು ಹೋಗುವಾಗಲೂ ಗ್ರೀನ್ ಕಾರ್ಡ್ ಇಟ್ಟುಕೊಳ್ಳುತ್ತಿದ್ದಳು. "ಸುಮ್ನೆ, ಇರ್ಲಿ ಅಂತ ಅಪ್ಪಾ," ಎನ್ನುತ್ತಿದ್ದಳು.

ಶನಿವಾರ ನಾನು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದೆ. ಎದುರು ಮನೆಗೆ ಆಕ್ಸಿಜನ್ ಯಂತ್ರವೂ ಆಸ್ಪತ್ರೆ ಮಂಚವೂ ಬಂದಿದ್ದವು. ಅವನ್ನು ತಂದ ದೊಡ್ಡ ಕಪ್ಪು ವ್ಯಾನು ಮನೆ ಮುಂದೆ ನಿಂತಿತ್ತು. ಇಲಿನಾಯ್ ನಂಬರ್ ಪ್ಲೇಟಿನ ಕಾರೊಂದು ತಿರುವಿನಲ್ಲಿ ಕಾಣಿಸಿತು. ನಿಧಾನವಾಯಿತು. ಸ್ಟಿಯರಿಂಗ್ ಹಿಡಿದಿದ್ದವರ ತಲೆಯೆಲ್ಲ ಬೆಳ್ಳಗಾಗಿತ್ತು. ಅವರು ಒಮ್ಮೆ ಕಿಟಕಿಯತ್ತ ಕಣ್ಣು ಹಾಯಿಸಿ, ಆಮೇಲೆ ನೇರ ಮುಂದಕ್ಕೆ ನೋಡುತ್ತ, ವೇಗ ಹೆಚ್ಚಿಸದೆ ಸಾಗಿದರು.

ನಾನೂ ಕಿಟಕಿಯತ್ತ ತಿರುಗಿದೆ. ಖಾಲಿ. ಮಂಚ ಹಾಕಲು ಬಂದವರು ಅಡ್ಡವಾಗುತ್ತದೆಂದು ಕುಂಡವನ್ನು ಕೆಳಗಿಟ್ಟಿದ್ದರು.

ಪೊರಕೆ ಬಿಸಾಡಿ ಕೂಗುತ್ತ ತಿರುವಿನವರೆಗೂ ಓಡಿದೆ. ಕಾರು ಹೆದ್ದಾರಿಯ ದಾರಿ ಹಿಡಿದಾಗಿತ್ತು. ಎದುರು ಮನೆಯವರ ಮಗಳು ಫೋನ್ ಮಾಡಿದಳು, ಮತ್ತೆ ಮಾಡಿದಳು... ಸ್ವಿಚ್ ಆಫ್.

ಒಳಗೆ ಹೋಗಿ ನಾನೇ ಹೇಳಿದೆ. ಎದುರು ಮನೆಯವರು ಮೂಗಿನ ಆಕ್ಸಿಜನ್ ನಳಿಕೆ ಸರಿಸಿಕೊಂಡರು. ಆಮೇಲೆ ಅಂದರು: "ಹಾಗಾದ್ರೆ ಪೊಲೀಸರ ಸಲ್ಯೂಟನ್ನ ಅವನೂ ಯಾವತ್ತೂ ನಂಬಿರಲಿಲ್ಲ. ಇಷ್ಟು ವರ್ಷ ನಾನೇ ಗೆದ್ದಿದ್ದೆ." ಕಿಟಕಿಯತ್ತ ತಿರುಗಿ, "ಸೋತಿದ್ರೆ ಚೆನ್ನಾಗಿತ್ತು," ಎಂದರು.

ಕುಂಡವನ್ನು ಮತ್ತೆ ಕಿಟಕಿಗೆ ಇಡಿಸಿದರು. ಕತ್ತಲಾದರೂ ತೆಗೆಯಬೇಡಿ ಎಂದರು. ಕಾರು ಮರಳಲಿಲ್ಲ. ಸೋಮವಾರ ಬೆಳಗಿನ ಜಾವ ಅವರು ಹೋದರು.

ಅಂತ್ಯಕ್ರಿಯೆ ಮುಗಿದ ಮೇಲೆ ಶಿಕಾಗೋದಿಂದ ಬೇರೊಂದು ನಂಬರಿನಿಂದ ಫೋನ್ ಬಂತಂತೆ. ಗೆಳೆಯ ಹೆಸರು ಹೇಳಲಿಲ್ಲ. ಪಿಸುದನಿಯಲ್ಲಿ ಒಂದೇ ಪ್ರಶ್ನೆ: "ಅವನನ್ನ ಹಿಡ್ಕೊಂಡು ಹೋದ್ರಾ?" ಇದನ್ನು ಹೇಳುತ್ತ ಅವರ ಮಗಳು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಮನೆ ಮಾರಿ ಹೋಗುವಾಗ ಕುಂಡವನ್ನು ನಮಗೆ ಕೊಟ್ಟಳು.

ಇಂದು ಅದನ್ನು ಒರೆಸಿ, ಒಣಗಿದ ಎಲೆ ಕಿತ್ತು, ಮುಂದಿನ ಕಿಟಕಿಯಲ್ಲಿಟ್ಟೆ.

"ರೀ, ಅಲ್ಲಿ ಹೀಟರ್ ಗಾಳಿ ಬಡಿಯುತ್ತೆ. ಗರಾಜಿನಲ್ಲಿಡಿ ಅಂದೆನಲ್ಲ," ಎಂದಳು ಹೆಂಡತಿ.

"ಬೀದಿಯಿಂದ ಕಾಣ್ಲಿ," ಎಂದೆ.

ಕುಂಡ ಇಡುತ್ತಿದ್ದವರು ಇಲ್ಲ, ಅದನ್ನು ನೋಡಿ ಒಳಗೆ ಬರಬೇಕಾದವರು ಇದ್ದಾರೋ ಇಲ್ಲವೋ ತಿಳಿಯದು. ಎದುರು ಮನೆಯ ಕಿಟಕಿಗೆ ಹೊಸಬರು ದಪ್ಪ ಪರದೆ ಹಾಕಿದ್ದಾರೆ. ಅಪರಿಚಿತ ವ್ಯಾನೊಂದು ನಿಧಾನವಾಗಿ ಬೀದಿ ದಾಟಿತು. ಅದು ತಿರುವು ದಾಟುವವರೆಗೆ ಕುಂಡದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ಆಮೇಲೆ ಕೈ ತೆಗೆದು, ಗಿಡಕ್ಕೆ ಒಂದು ಲೋಟ ನೀರು ಹಾಕಿದೆ. ಇಂದಿನ ಕೆಲಸ ಅಲ್ಲಿಗೆ ಮುಗಿಯಿತು.