ಒಲೆಗೆ ತೊಡಿಸಿದ ಬಳೆ

ಮೊನ್ನೆ ಬಾದಾಮಿಯಲ್ಲಿ ಬಸ್ಸು ತಪ್ಪಿಸಿಕೊಂಡು ಸ್ಟೇಷನ್ ರಸ್ತೆಯ ಒಂದು ಖಾನಾವಳಿಯಲ್ಲಿ ಕೂತಿದ್ದೆ. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಆ ವಾಸನೆ ಬಂತು. ಕೆಮ್ಮಣ್ಣು, ಸೆಗಣಿ, ಸ್ವಲ್ಪ ಬೂದಿ ಕಲಸಿ ಆಗತಾನೆ ಸಾರಿಸಿದ ಒಲೆ. ಅದು ಒಣಗುವ ಮೊದಲೇ ಬೆಂಕಿ ಹೊತ್ತಿಸಿದ್ದರು. ಹಸಿ ಮಣ್ಣು ಬಿಸಿಯಾಗುವಾಗ ಬರುವ ಆ ವಾಸನೆಗೆ ಹೆಸರಿಲ್ಲ. ಅದು ಮಳೆಯದ್ದೂ ಅಲ್ಲ, ಅಡುಗೆಯದ್ದೂ ಅಲ್ಲ. ಗ್ಯಾಸಿನ ಮುಂದೆ ನಿಂತು ವರ್ಷಗಟ್ಟಲೆ ಕಳೆದ ನನಗೆ ಅದು ಮೂಗಿಗಿಂತ ಮೊದಲು ಕೈಗಳಿಗೆ ತಿಳಿಯಿತು. ಹಿಡಿದ ಚೊಂಬು ಹಿಡಿದ ಹಾಗೇ ಇತ್ತು. ನಾನು ಮಾತ್ರ ಇಳಕಲ್ಲಿನ ಹಳೇ ಹತ್ತಿ ಜಿನ್ನಿನ ಶೆಡ್ಡಿನಲ್ಲಿದ್ದೆ, ಮೊಣಕೈವರೆಗೆ ಕೆಸರು ಮೆತ್ತಿಕೊಂಡು. ಎದುರಿಗೆ ನಮಗೆ ಒಲೆ ಕಟ್ಟಲು ಕಲಿಸಿದ ಒಲಿ ಅಕ್ಕೋರು...

ಎಂಬತ್ತರ ದಶಕದ ನಡುವಿನ ಮಾತು. ಹೊಗೆಯಿಲ್ಲದ, ಕಟ್ಟಿಗೆ ಕಡಿಮೆ ತಿನ್ನುವ ಒಲೆ ಕಟ್ಟುವುದನ್ನು ಹೆಂಗಸರಿಗೆ ಕಲಿಸುವ ತರಬೇತಿಯೊಂದು ಇಳಕಲ್ಲಿನಲ್ಲಿ ಶುರುವಾಗಿತ್ತು. ಪಾಸಾದವರಿಗೆ ತಾಲೂಕಿನ ಹಳ್ಳಿಗಳಲ್ಲಿ ಒಲೆ ಕಟ್ಟುವ ಕೆಲಸ, ಕಟ್ಟಿದ ಒಲೆಗೆ ಕೂಲಿ. ಊರಿನ ಗಂಡಸರು ಅದಕ್ಕೆ ‘ಒಲಿ ಕಾಲೇಜು’ ಎಂದು ಹೆಸರಿಟ್ಟು ನಕ್ಕರು. ಹೆಂಗಸರಿಗೆ ಒಲೆ ಕಲಿಸಲು ಕಾಲೇಜು ಬೇರೆ ಬೇಕೇ ಎಂಬುದು ಅವರ ಪ್ರಶ್ನೆ. ಜನ್ಮದಲ್ಲಿ ಬೀಡಿ ಬಿಟ್ಟು ಇನ್ನೇನನ್ನೂ ಹೊತ್ತಿಸಿ ಗೊತ್ತಿಲ್ಲದವರು ಕೇಳುವ ಪ್ರಶ್ನೆ ಅದು.

ನಾನು ಹುನಗುಂದದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನದು ತವರುಮನೆಯ ವಾಸ. ಗಂಡ ಇನ್ನೊಬ್ಬಳನ್ನು ಮನೆಗೆ ತಂದು ಕೂರಿಸಿದ ಮೇಲೆ ಉಟ್ಟ ಸೀರೆಯಲ್ಲೇ ಎದ್ದು ಬಂದವಳು ನಾನು. ಅಣ್ಣ ಕೆಟ್ಟವನಲ್ಲ. ಆದರೆ ಗಂಡನ ಕಡೆಯ ಹಿರಿಯರು ಬಂದು, ಕಳಿಸಿಕೊಡಿ, ಇಬ್ಬರೂ ಹೊಂದಿಕೊಂಡು ಇರಲಿ ಎಂದು ಪಡಸಾಲೆಯಲ್ಲಿ ಕೂತಾಗ ಅವನು, ನೋಡೋಣ ಎಂದಷ್ಟೇ ಅಂದ. ಅವರು ಹೋದ ಮೇಲೆ ನನ್ನನ್ನು ಕರೆದ. "ಒಲಿ ಕೆಲಸ ಸಿಕ್ತಂದ್ರ ಇಲ್ಲೇ ಇರು, ಯಾರ ಏನಂದ್ರೂ ನಾ ನೋಡ್ಕೋತೇನಿ. ಸಿಗಲಿಲ್ಲಂದ್ರ ನೀ ಹೊಳ್ಳಿ ಹೋಗಬೇಕಾಗ್ತದವ್ವಾ," ಎಂದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆ ಮನೆಗೆ ಹೋಗುವುದಕ್ಕಿಂತ ಬಾವಿ ನೋಡಿಕೊಳ್ಳುವುದು ಮೇಲು ಎಂದು ನಾನು ಅಂದುಕೊಂಡಿದ್ದು ಖರೆ. ಹೀಗೆ ನನ್ನ ಮುಂದಿನ ಬದುಕೆಲ್ಲ ಒಂದು ಮಣ್ಣಿನ ಒಲೆಯ ಮೇಲೆ ಬಂದು ಕೂತಿತ್ತು.

ಅಕ್ಕೋರು ಬಾಗಲಕೋಟೆಯವರು. ಎತ್ತರದ ಆಳು, ದೊಡ್ಡ ಅಂಗೈ, ಬರಿಗೈ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವಂತೆ. ವಾರವಿಡೀ ಇಳಕಲ್ಲಿನ ಬಾಡಿಗೆ ಕೋಣೆ, ಶನಿವಾರ ಊರಿನ ಬಸ್ಸು. ಹೆಗಲಿಗೆ ಯಾವಾಗಲೂ ಒಂದು ಚೀಲ. ಅದರಲ್ಲಿ ಕಟ್ಟಿಗೆಯ ಅಚ್ಚು, ಮಣ್ಣು ಕೊಯ್ಯುವ ತಂತಿ, ಅರಿವೆಯ ಒಂದು ಸಣ್ಣ ಗಂಟು. ಅವರಿಗೆ ಪಾಠ ಹೇಳುವ ದನಿಯೇ ಇರಲಿಲ್ಲ. ಮಣ್ಣು ತುಳಿಯುತ್ತ, ಅರ್ಧ ನಿದ್ದೆಯಲ್ಲಿರುವವರ ಹಾಗೆ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. "ಹೊಗಿ ಅಂದ್ರ ಏನನ್ಕೊಂಡೀರಿ? ಸುಡಲಾರದ ಕಟಗಿ ಅದು. ನೀವು ತಲಿ ಮ್ಯಾಲ ಹೊತ್ತು ತಂದ ಹೊರಿ, ಉರೀಲಾರದ ಹಂಗ ಮ್ಯಾಲ ಹೋಗಿ ಕುಂದರ್ತದ." ನಾವೆಲ್ಲ ತಲೆಯೆತ್ತಿ ಶೆಡ್ಡಿನ ಮಾಡು ನೋಡಿದೆವು. ನಮ್ಮ ತಾಯಂದಿರು ಹೊತ್ತ ಹೊರೆಗಳೆಲ್ಲ ಅಲ್ಲೇ ಎಲ್ಲೋ ಕೂತಿರಬೇಕು ಎನಿಸಿತು.

ಆ ಶೆಡ್ಡಿನಲ್ಲಿ ಹತ್ತಿ ಬೀಜ ಬಿಡಿಸುವ ಜಿನ್ನು ನಿಂತು ಎಷ್ಟೋ ಕಾಲವಾಗಿದ್ದರೂ ತೊಲೆಗಳ ಮೇಲೆ ಹತ್ತಿಯ ಎಳೆ ಉಳಿದಿತ್ತು. ಗಾಳಿ ಬಂದರೆ ಅದು ಬಿಸಿಲಿನಲ್ಲಿ ತೇಲುತ್ತ ಇಳಿಯುತ್ತಿತ್ತು, ನಮ್ಮ ಕೂದಲಿಗೆ, ಹಸಿ ಮಣ್ಣಿಗೆ. ಅಕ್ಕೋರು ಒಂದು ಎಳೆ ಹಿಡಿದು, ಕಡ್ಡಿ ಗೀರಿ, ಒಲೆಯ ಬಾಯಿಗೆ ಒಯ್ಯುತ್ತಿದ್ದರು. ಒಲೆ ಸರಿಯಿದ್ದರೆ ಅದರ ಹೊಗೆ ಸೂಜಿಗೆ ದಾರ ಪೋಣಿಸಿದ ಹಾಗೆ ಒಳಗೆ ಹೋಗಿಬಿಡುತ್ತಿತ್ತು, ಆಮೇಲೆ ಹೊರಗಿನ ಕೊಳವೆಯ ತುದಿಯಲ್ಲಿ ಕಾಣುತ್ತಿತ್ತು. ಸೀರೆ ನೇಯುವ ಮನೆಗಳಿಂದ ಬಂದ ಹುಡುಗಿಯರು ಅದನ್ನು ನೋಡಲು ಹೊರಗೆ ಓಡುತ್ತಿದ್ದರು. ನಾನು ಒಳಗೇ ಕೂತು, ಹೊಗೆ ಹೋದ ದಾರಿಯನ್ನೇ ನೋಡುತ್ತಿದ್ದೆ... ಎಷ್ಟು ಹೊತ್ತು ಅಂತ ಈಗ ಹೇಳಲಾರೆ.

ಒಲೆಯ ಜೀವ ಇರುವುದು ಅದರ ಹಿಂದಿನ ತೂತಿನಲ್ಲಿ, ಅಂದರೆ ಹೊಗೆ ಕೊಳವೆಗೆ ಹೋಗುವ ದಾರಿಯಲ್ಲಿ. ದೊಡ್ಡದಾದರೆ ಬೆಂಕಿಯ ಕಾವೆಲ್ಲ ಅಲ್ಲಿಂದಲೇ ಹೊರಟುಹೋಗುತ್ತದೆ, ಸಣ್ಣದಾದರೆ ಹೊಗೆ ಹೊಳ್ಳಿ ಅಡುಗೆಮನೆಗೆ ಬರುತ್ತದೆ. ತೂತು ಕೊರೆದ ಮೇಲೆ ಅಕ್ಕೋರು, ಬಳೆ ಇಡಿಸಿಕೊಳ್ಳುವಾಗ ಮಡಚುವ ಹಾಗೆ ಕೈ ಮಡಚಿ ಅದರೊಳಗೆ ತೂರಿಸುತ್ತಿದ್ದರು. ಬಿಗಿಯದೆ, ಸಡಿಲವೂ ಆಗದೆ ಕೈ ಹೋದರೆ "ಆತು" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾವು ದಿನವಿಡೀ ಮಣ್ಣು ತುಳಿಯುತ್ತಿದ್ದೆವು.

ತರಬೇತಿಯ ಕೊನೆಗೆ ಒಬ್ಬೊಬ್ಬರೂ ಒಂದೊಂದು ಮನೆಯಲ್ಲಿ ಒಲೆ ಕಟ್ಟಬೇಕಿತ್ತು. ಅದು ಕೆಲವು ವಾರ ಉರಿದ ಮೇಲೆ ಸರ್ಕಾರದ ಸಾಹೇಬರು ಬಂದು ನೋಡುತ್ತಾರೆ. ಹೊಗೆ ಬಂದರೆ ಆಕೆಗೆ ಕೆಲಸವಿಲ್ಲ. ನನಗೆ ಬಂದದ್ದು ಮರೋಳದ ಒಬ್ಬ ಅಜ್ಜಿಯ ಮನೆ. ಅಜ್ಜಿ ಒಂಟಿ ಜೀವ, ಬಾಯಿ ಜೋರು, ಮನಸ್ಸು ಬೆಣ್ಣೆ. ನಾನು ಕಟ್ಟಿದ ಒಲೆಯಲ್ಲಿ ಮೊದಲ ರೊಟ್ಟಿ ಸುಟ್ಟ ದಿನ, ಕಣ್ಣು ಉರಿಯದೆ ರೊಟ್ಟಿ ಉಬ್ಬಿದ್ದು ನೋಡಿ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ನಾನು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕನಸು ಕಾಣುತ್ತ ಹುನಗುಂದಕ್ಕೆ ಬಂದೆ. ನನ್ನ ಕನಸಿನಲ್ಲಿ ಮನುಷ್ಯರೇ ಇರಲಿಲ್ಲ. ಊರೂರಿನ ಮನೆಗಳು, ಮನೆ ಮನೆಯ ಮೇಲೆ ಒಂದೊಂದು ಕೊಳವೆ, ಪ್ರತಿ ಕೊಳವೆಯಿಂದಲೂ ಬಿಳಿ ಎಳೆಯಂಥ ಹೊಗೆ.

ಸಾಹೇಬರು ಬರುವ ದಿನ ಹತ್ತಿರವಾದಾಗ ಅಜ್ಜಿ ಹೇಳಿಕಳಿಸಿದಳು: ಒಲೆ ಹೊಗೆಯಾಡುತ್ತದೆ.

ಓಡಿದೆ. ಖರೆ ಹೊಗೆಯಾಡುತ್ತಿತ್ತು. ಕೊಳವೆ ಇಳಿಸಿ ಕಸ ತೆಗೆದೆ, ಹಸಿ ಕಟ್ಟಿಗೆ ಇರಬೇಕೆಂದು ಒಣಗಿದ ಹತ್ತಿಕಟ್ಟಿಗೆ ತಂದು ಹಾಕಿದೆ, ಗಾಳಿಯ ದಿಕ್ಕು ನೋಡಿದೆ. ಏನು ಮಾಡಿದರೂ ಹೊಗೆ ಹೊಳ್ಳಿ ನನ್ನ ಮುಖಕ್ಕೇ ಬರುತ್ತಿತ್ತು. ಅಜ್ಜಿ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಅದರಲ್ಲಿ ಹೊಗೆಯ ನೀರೆಷ್ಟು, ನನ್ನ ನೀರೆಷ್ಟು ಅವಳಿಗೆ ಗೊತ್ತಿರಲಿಲ್ಲ. ಅಂದು ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ಗಂಡನ ಕಡೆಯ ಅದೇ ಹಿರಿಯರು ಚಹಾ ಕುಡಿಯುತ್ತಿದ್ದರು. ಅಣ್ಣ ನನ್ನನ್ನು ನೋಡಿದ. ನಾನು ಒಳಗೆ ಹೋದೆ.

ಮರುದಿನ ಅಕ್ಕೋರಿಗೆ ಎಲ್ಲ ಹೇಳಿದೆ, ಅಣ್ಣನ ಮಾತನ್ನೂ ಸೇರಿಸಿ. ಅವರು ಅದರ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಜೊತೆ ಮರೋಳಕ್ಕೆ ಬಂದರು. ಬಂದವರು ಒಲೆ ಮುಟ್ಟಲಿಲ್ಲ, ಕೊಳವೆ ನೋಡಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತು, "ನಾವ್ ಇಲ್ಲ ಅನ್ಕೋರಿ ಅಜ್ಜಿ, ನಿಮ್ಮ ಕೆಲಸ ನೀವು ಮಾಡ್ರಿ," ಎಂದರು. ಮಾಡಿನ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಬಿದ್ದು, ಮೆಲ್ಲಗೆ ಒಲೆಯ ಕಡೆ ಸರಿಯುತ್ತಿತ್ತು. ಅಜ್ಜಿ ಬೂದಿ ತೆಗೆದಳು. ಬುಟ್ಟಿಯಲ್ಲಿ ಕೆಮ್ಮಣ್ಣು ಸೆಗಣಿ ಕಲಸಿಕೊಂಡಳು. ಕೂಸಿಗೆ ಎಣ್ಣೆ ಹಚ್ಚುವ ಹಾಗೆ, ಗುನುಗುತ್ತ, ಒಲೆಯ ಮೈಯೆಲ್ಲ ಸಾರಿಸಿದಳು. ಬಾಯಿಗೆ ಒಂದು ಸುತ್ತು, ತೂತಿಗೆ ಒಂದು ಸುತ್ತು, ಕೈ ಒಳಗೆ ಹಾಕಿ ಇನ್ನೊಂದು ಸುತ್ತು. ಕೊನೆಗೆ ವಿಭೂತಿಯ ಮೂರು ಪಟ್ಟೆ ಎಳೆದು ಕೈ ಮುಗಿದಳು.

ಅಕ್ಕೋರು ನಗಲು ಶುರು ಮಾಡಿದರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. "ದಿನಾ ಇಷ್ಟು ಹಚ್ತೀರಿ?"

"ಮತ್ತ? ಹೊಸಾ ಒಲಿ ಐತ್ರಿ. ಮುಂಜಾನಿಗೊಮ್ಮಿ, ಸಂಜಿಗೊಮ್ಮಿ," ಅಜ್ಜಿ ಹೆಮ್ಮೆಯಿಂದ ಹೇಳಿದಳು. "ಮಂದಿ ನೋಡಾಕ ಬರ್ತಾರ, ಹೊಲಸ ಇಡಾಕ ಬರ್ತದೇನು?"

ನನಗೆ ಆಗ ಹೊಳೆಯಿತು. ನಮ್ಮ ಕಡೆ ಸಾರಿಸದ ಒಲೆಯಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ನಾನೂ ಹುಟ್ಟಿದಾಗಿನಿಂದ ನೋಡಿದ್ದು ಅದೇ. ಹಳೇ ಒಲೆಯ ಬಾಯಿ ಕಾಳು ತುಂಬುವ ಹಗೇವಿನಷ್ಟು ಅಗಲ, ಎಷ್ಟು ಮೆತ್ತಿದರೂ ನಡೆಯುತ್ತಿತ್ತು. ನಾನು ಕಟ್ಟಿದ ಒಲೆಯ ತೂತು ಅಜ್ಜಿಯ ಅಕ್ಕರೆಯಲ್ಲಿ ದಿನಕ್ಕಿಷ್ಟು ಮುಚ್ಚುತ್ತ ಬಂದಿತ್ತು. ಅಕ್ಕೋರು ಕೈ ಮಡಚಿ ತೂರಿಸಿ ನೋಡಿದರು. ಬೆರಳ ಗೆಣ್ಣಿಗೇ ನಿಂತಿತು.

ಇನ್ನು ಅಜ್ಜಿಗೆ ಸಾರಿಸಬೇಡ ಅನ್ನುತ್ತಾರೆ, ಅಜ್ಜಿ ಒಲೆಯನ್ನೇ ಕಿತ್ತು ಹಾಕುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಕ್ಕೋರು ಚೀಲದಿಂದ ಆ ಅರಿವೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಎರಡು ಹಿತ್ತಾಳೆ ಬಳೆ. ಕಳೆ ಕೀಳುವ ಕುರುಪಿಯಿಂದ ತೂತನ್ನು ಹೆರೆದು, ಒಂದು ಬಳೆಯನ್ನು ಅದರೊಳಗೆ ಹಾಕಿ ತೆಗೆದು ತೋರಿಸಿದರು. "ಒಲಿನೂ ಹೆಣ್ಣದ ಅಜ್ಜಿ, ಬಳಿ ಇಡಸ್ರಿ. ಸಾರಿಸಿದ ಮ್ಯಾಲ ಈ ಬಳಿ ಸರಾಗ ಹೋಗಿ ಬರಬೇಕು. ಬಿಗೀತಂದ್ರ ಹಳೇದು ಹೆರದು, ಮತ್ತ ಸಾರಸ್ರಿ."

ಅಜ್ಜಿಯ ಮುಖ ಅರಳಿತು. ಹೊಗೆ, ಗಾಳಿ, ಕೊಳವೆ ಎಂದು ನಾನು ಹೇಳಿದ್ದೆಲ್ಲ ಅವಳಿಗೆ ಸರ್ಕಾರದ ಮಾತಾಗಿತ್ತು. ಬಳೆ ಇಡಿಸುವುದು ಅವಳ ಮಾತು. ಬಳೆ ತಿರುಗಿಸಿ ನೋಡಿದಳು, ಆಮೇಲೆ ಅಕ್ಕೋರ ಬರಿಗೈ ನೋಡಿದಳು. "ಯಾರವ ಇವು?" ಎಂದು ಕೇಳಿದಳು, ದನಿ ಇಳಿಸಿ.

"ನನ್ನವ. ಗಾಜಿನವು ಆವತ್ತ ಒಡದ್ರು. ಇವು ಹಿತ್ತಾಳಿ, ಒಡೀಲಿಲ್ಲ. ಸುಮ್ಮ ಗಂಟಿನ್ಯಾಗ ಯಾಕ ಕುಂದರಬೇಕಂತ ಕೆಲಸಕ್ಕ ಹಚ್ಚೇನಿ."

ಅಜ್ಜಿಯ ಕೈಯೂ ಬರಿಗೈಯೇ. ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ಒಲೆಯ ಪಕ್ಕದ ಗೂಟಕ್ಕೆ ಸಿಕ್ಕಿಸಿದಳು. ಮೂವರು ಹೆಂಗಸರು ಆ ಒಲೆಯ ಮುಂದೆ ಹಾಗೇ ಕೂತಿದ್ದೆವು... ಬಿಸಿಲಿನ ಕೋಲು ಸರಿದು ಬಂದು ಬಳೆಯ ಮೇಲೆ ಬಿದ್ದಿತ್ತು. ಅದು ನಿಜಕ್ಕೂ ಬಿದ್ದಿತ್ತೋ, ಇಷ್ಟು ವರ್ಷ ನೆನೆದು ನೆನೆದು ನಾನೇ ಬೀಳಿಸಿಕೊಂಡೆನೋ ತಿಳಿಯದು.

ಸಾಹೇಬರು ಬಂದ ದಿನ ಅಜ್ಜಿ ತಾನೇ ಒಲೆ ಹೊತ್ತಿಸಿದಳು. ಅವರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದರು; ಸ್ವಲ್ಪ ಹೊತ್ತಿಗೆ ಅದನ್ನು ಜೇಬಿಗೆ ಹಾಕಿಕೊಂಡರು. ಅಜ್ಜಿ ಕೊಟ್ಟ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಕೆಲಸಕ್ಕೆ ನನ್ನ ಹೆಸರು ಹೇಳಿ ಹೋದರು. ಸಂಜೆ ಅಣ್ಣನಿಗೆ ತಿಳಿಸಿದೆ. ಅವನು ಎದ್ದು ಅಂಗಿ ತೊಟ್ಟು, ಗಂಡನ ಕಡೆಯವರಿಗೆ ತಾನೇ ಹೋಗಿ ಹೇಳಿ ಬಂದ. ಮುಂದೆ ಆ ಹಿರಿಯರು ನಮ್ಮ ಪಡಸಾಲೆ ಹತ್ತಲಿಲ್ಲ.

ತರಬೇತಿ ಮುಗಿದ ದಿನ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಉಳಿದ ಇನ್ನೊಂದು ಬಳೆಯನ್ನು ನನ್ನ ಕೈಗೆ ಏರಿಸಿದರು. "ನಿಮಗ ಬೇಕಲ್ರೀ ಅಕ್ಕೋರ?" ಎಂದೆ. "ನನ್ನ ಕೈಗೆ ಅಳತಿ ಗೊತ್ತದ," ಎಂದು ಬಸ್ಸು ಹತ್ತಿದರು.

ಆ ಬಳೆ ಹಿಡಿದು ನಾನು ತಾಲೂಕೆಲ್ಲ ತಿರುಗಿದೆ, ಒಲೆ ಕಟ್ಟಿದೆ, ಒಂದು ಸ್ವಂತ ಸೂರು ಮಾಡಿಕೊಂಡೆ. ಹೋದ ಕಡೆಯೆಲ್ಲ ಒಲೆಯ ಪಕ್ಕ ಒಂದು ಗೂಟ, ಗೂಟಕ್ಕೆ ಆ ಮನೆಯದೇ ಒಂದು ಹಳೇ ಬಳೆ. ಬಾಗಲಕೋಟೆಗೆ ಹೋದಾಗ ಅಕ್ಕೋರ ಮನೆಗೂ ಹೋಗುತ್ತಿದ್ದೆ. ಹಳೇ ಊರಿನ ತಗ್ಗಿನ ಓಣಿ, ಸಣ್ಣ ಅಡುಗೆಮನೆ, ಅವರು ತಮಗಾಗಿ ಕಟ್ಟಿಕೊಂಡ ಒಲೆ. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಹೋಗುವುದು ಕಡಿಮೆಯಾಯಿತು... ಅಣೆಕಟ್ಟಿನ ಹಿನ್ನೀರು ಬಂದು ಆ ಓಣಿ ಖಾಲಿಯಾಯಿತೆಂದು ಕೇಳಿ ಹೋದರೆ ಅಲ್ಲಿ ಓಣಿಯೇ ಇರಲಿಲ್ಲ, ನೀರಿತ್ತು. ಅವರು ಸಂಬಂಧಿಕರ ಊರಿಗೆ ಹೋಗಿ ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು. ಯಾವ ಊರು ಎಂದು ಹೇಳಿದವರಿಗೂ ಗೊತ್ತಿರಲಿಲ್ಲ. ನಾನು ದಂಡೆಯಲ್ಲಿ ಕೂತು ಅತ್ತೆ. ನೀರಿನೊಳಗೆ ಆ ಒಲೆ ನೆನೆದು, ಕರಗಿ, ಮೆಲ್ಲಗೆ ಮತ್ತೆ ಮಣ್ಣಾಗುವುದು ಕಣ್ಣಿಗೆ ಕಂಡಂತಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಗಂಡ ಸತ್ತ ಸುದ್ದಿ ಬಂತು. ಓಣಿಯ ಹೆಂಗಸರು ಬಳೆ ತೆಗೆಸಲು ಬಂದರು. ಗಾಜಿನವನ್ನು ನಾನೇ ತೆಗೆದುಕೊಟ್ಟೆ, ಆ ಬಗ್ಗೆ ನನಗೆ ಹಟವೇನೂ ಇರಲಿಲ್ಲ. ಹಿತ್ತಾಳೆಯದಕ್ಕೆ ಒಬ್ಬಾಕೆ ಕೈ ಹಾಕಿದಾಗ ಮಾತ್ರ ಕೈ ಹಿಂದೆಳೆದುಕೊಂಡೆ. "ಇದು ಅವಂದಲ್ಲ, ನಮ್ಮ ಅಕ್ಕೋರದು," ಎಂದೆ.

ಖಾನಾವಳಿಯ ಹಿತ್ತಿಲಿನಲ್ಲಿ ಒಲೆ ಈಗ ಬರೀ ಹೊಗೆ ಕಾರುತ್ತಿತ್ತು. ಅದು ಕೊಳವೆಯಿದ್ದ ಮಣ್ಣಿನ ಒಲೆಯೇ. ಅಡುಗೆಯ ಹೆಣ್ಣುಮಗಳು ಕಣ್ಣೊರೆಸಿಕೊಂಡು ಬೈಯುತ್ತ ಕಟ್ಟಿಗೆ ಹೊರಗೆಳೆದಳು. ನಾನು ಚೊಂಬು ಕೆಳಗಿಟ್ಟು ಅದರ ಪಕ್ಕ ಕೂತೆ. ಬಳೆ ತೆಗೆಯಲು ನೋಡಿದೆ, ಬರಲಿಲ್ಲ. ವಯಸ್ಸಿಗೆ ಕೈ ಊದಿದೆ. ಅದು ಇನ್ನು ಹೊರಬರುವ ಹಾಗಿಲ್ಲ. ಒಲೆಯ ಹಿಂಬದಿಯ ಗಡಿಗೆ ಇಳಿಸಿ, ಕೈ ಮಡಚಿ, ಬೆಚ್ಚಗಿನ ತೂತಿಗೆ ತೂರಿಸಿದೆ. ಬೆರಳ ತುದಿಗೇ ನಿಂತಿತು.

"ಮೆತ್ತಿ ಮೆತ್ತಿ ಮುಚ್ಚೇದ ತಂಗಿ. ಹೆರದು ಸಾರಸು," ಎಂದೆ.

"ಅಯ್ಯ, ಕೈ ಹಾಕಿದ್ರ ನಿಮಗ ಹೆಂಗ ಗೊತ್ತಾತ್ರಿ?" ಎಂದಳು ಆಕೆ.

ಹೇಳಲು ಹೋದವಳು ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಂಡೆ. ಆಕೆ ಹೊಗೆಯಿಂದ ಎಂದುಕೊಂಡು ನೀರು ತರಲು ಎದ್ದಳು. ಆಕೆ ಬರುವವರೆಗೂ ನಾನು ಬೆರಳು ಹೊರಗೆ ತೆಗೆಯಲಿಲ್ಲ.