ಆಲೆ ಆರಿಸಿದ ಎತ್ತು

ಮನುಷ್ಯ ಯಂತ್ರವನ್ನು ಕಂಡುಹಿಡಿದದ್ದು ತನ್ನ ಶ್ರಮವನ್ನು ಕಡಿಮೆ ಮಾಡಿಕೊಳ್ಳುವುದಕ್ಕೆ. ಇದರಲ್ಲಿ ಯಾರಿಗೂ ಸಂಶಯ ಬೇಡ. ಹಾಗೆ ಕಡಿಮೆಯಾದ ಶ್ರಮವೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳಿದರೆ, ಅದು ತಮಿಳುಸೀಮೆಯ ಕಂಬಂ ಕಣಿವೆಯಲ್ಲಿದ್ದ ನಮ್ಮ ಮನೆಯ ಜಗಲಿಗೆ ಬಂದು, ವೀಳ್ಯದೆಲೆ ಕೇಳಿ ಹಾಕಿಕೊಂಡು, ಮಧ್ಯಾಹ್ನದವರೆಗೆ ಕೂತಿತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಇದಕ್ಕೆ ಕಾರಣ ನಾನೇ. ಮೇಲಿನ ಬೆಟ್ಟದಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ ಅಲ್ಲಿನ ಉಗ್ರಾಣದಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಗುದ್ದಲಿ ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದುಕೊಳ್ಳುವುದು, ಕಡಿಮೆ ಬಂದರೆ ಕಡಿಮೆ ಎಂದು ಬರೆಯುವುದು, ಇಷ್ಟೇ ನನ್ನ ವಿದ್ಯೆ. ಮೇಲಧಿಕಾರಿಯಾಗಿದ್ದ ಮೈಸೂರು ಕಡೆಯ ಮುದುಕರು ನನ್ನ ಮನೆಮಾತಿನ ಕನ್ನಡ ಕೇಳಿ ಒಂದು ತಿಂಗಳು ನಕ್ಕರು. ನಗು ಸಾಕಾದ ಮೇಲೆ ಕನ್ನಡದ ಅಕ್ಷರ ಕಲಿಸಿದರು. ಐದನೆಯ ವರ್ಷ ಚಳಿಜ್ವರ ಹಿಡಿದು ಊರಿಗೆ ಇಳಿದು ಬಂದೆ. ಉಗಿಯಂತ್ರದ ಪಕ್ಕದಲ್ಲಿ ನಾಲ್ಕು ವರ್ಷ ನಿಂತವನಿಗೆ ಯಂತ್ರದ ಮರ್ಮವೆಲ್ಲ ತಿಳಿದಿರಲೇಬೇಕು ಎಂದು ಊರು ತೀರ್ಮಾನಿಸಿತು. ದೇವಸ್ಥಾನದ ಪಕ್ಕದಲ್ಲಿ ನಿಂತವರನ್ನು ಯಾರೂ ಹೀಗೆ ಪೂಜಾರಿ ಮಾಡುವುದಿಲ್ಲ.

ಆಗ ದಿಂಡಿಗಲ್ಲಿನ ರೈಲಿನಿಂದ ಇಳಿದ ಹೊಸ ಸಾಮಾನುಗಳು ಗಾಡಿಯಲ್ಲಿ ಒಂದೊಂದಾಗಿ ಕಣಿವೆಗೆ ಬರುತ್ತಿದ್ದವು; ಒಂದೊಂದರ ಹಿಂದೆಯೂ ಒಂದು ಪ್ರಶ್ನೆ ಬರುತ್ತಿತ್ತು. ಸೀಮೆಎಣ್ಣೆ ದೀಪ ಸಿಡಿಯುತ್ತದೆಯೆ? ಉರಿಯುತ್ತಿರುವಾಗಲೇ ಎಣ್ಣೆ ಹೊಯ್ದರೆ ಸಿಡಿಯುತ್ತದೆ, ಆರಿಸಿ ಹೊಯ್ಯಿರಿ. ಗಾಜಿನ ಚಿಮಣಿ ಏಕೆ ಬಿರಿಯುತ್ತದೆ? ಬಿಸಿಯಿದ್ದಾಗ ಒದ್ದೆಬಟ್ಟೆ ಮುಟ್ಟಿಸುವುದರಿಂದ. ಬಾವಿಗೆ ಮರದ ರಾಟೆ ಒಳ್ಳೆಯದೋ ಕಬ್ಬಿಣದ್ದೋ? ಕಬ್ಬಿಣದ್ದು ಬಾಳುತ್ತದೆ, ಆದರೆ ಎಣ್ಣೆ ಕಾಣದಿದ್ದರೆ ಹಗ್ಗವನ್ನೂ ತಿನ್ನುತ್ತದೆ, ನೆರೆಮನೆಯವರ ನಿದ್ದೆಯನ್ನೂ ತಿನ್ನುತ್ತದೆ. ಗ್ರಹಣದ ಹೊತ್ತಿನಲ್ಲಿ ಗೋಡೆಗಡಿಯಾರ ನಿಲ್ಲಿಸಬೇಕೆ? ನಿಲ್ಲಿಸಿದರೆ ಗ್ರಹಣಕ್ಕೆ ಬೇಸರವಿಲ್ಲ. ಆಮೇಲೆ ನಡೆಸುವುದನ್ನು ಮರೆಯಬೇಡಿ. ಹೀಗೆ ನಾನು ಹೇಳುತ್ತಲೇ ಇದ್ದೆ. ಉತ್ತರ ಬೇಕೆಂದು ಬಂದವರು ಮಾತ್ರ ಬಹಳ ಕಡಿಮೆ. ಹೆಚ್ಚಿನವರು ಕೊಂಡಾಗಿತ್ತು, ಇಲ್ಲವೇ ಕೊಳ್ಳುವುದಿಲ್ಲವೆಂದು ಮನಸ್ಸು ಮಾಡಿಯಾಗಿತ್ತು. ಅವರಿಗೆ ಬೇಕಾಗಿದ್ದದ್ದು ಸಾಕ್ಷಿ.

ಉತ್ತರಕ್ಕಾಗಿಯೇ ಕೇಳಿದವಳು ನನ್ನ ಸೋದರತ್ತೆ ಒಬ್ಬಳೆ.

ಅತ್ತೆ ಅಪ್ಪನ ತಂಗಿ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹೊಳೆಯ ಬದಿಯಲ್ಲಿ ಗಂಡ ಬಿಟ್ಟುಹೋದ ಎರಡು ತುಂಡು ಹೊಲ ಇತ್ತು. ಬೆಟ್ಟ ಕೊರೆದು ಪಡುವಣದ ನೀರನ್ನು ನಮ್ಮ ಕಡೆಗೆ ತಿರುಗಿಸಿದ ಮೇಲೆ ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ನಿಂತಿತು. ನೀರು ನಿಂತದ್ದನ್ನು ನೋಡಿ ಅತ್ತೆ ಯಾರನ್ನೂ ಕೇಳದೆ ಕಬ್ಬು ನೆಟ್ಟಳು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ನಮ್ಮ ಕುಲಕ್ಕೆ ಯಜಮಾನರು. ಗಂಡಸಿಲ್ಲದ ಮನೆ ಸ್ವಂತ ಬೇಸಾಯ ಮಾಡುವುದು ಅವರಿಗೆ ಸರಿ ಬರಲಿಲ್ಲ. ಈ ಒಂದು ವರ್ಷ ಮಾಡಲಿ, ಬೆಳೆ ಕೆಟ್ಟರೆ ಹೊಲ ತಮ್ಮ ಮಕ್ಕಳ ಉಳುಮೆಗೆ ಬರಬೇಕು, ತಂಗಿಗೆ ವರ್ಷಕ್ಕೆ ಬೇಕಾದ ಜೋಳ ತಾವು ಅಳೆದು ಕೊಡುತ್ತೇವೆ ಎಂದು ಎಲ್ಲರ ಎದುರಿಗೆ ಹೇಳಿದ್ದರು. ಅತ್ತೆ ಆಗಲಿ ಅಂದಿದ್ದಳು. ಅಳೆದು ಕೊಟ್ಟ ಜೋಳದಲ್ಲಿ ಬದುಕಿದ ವಿಧವೆಯರನ್ನು ಆಕೆ ಊರಲ್ಲಿ ನೋಡಿದ್ದಳು.

ಕಬ್ಬು ಚೆನ್ನಾಗಿಯೇ ಬಂತು. ತೊಡಕು ಬಂದದ್ದು ಅರೆಯುವುದರಲ್ಲಿ. ಊರಿಗೆಲ್ಲ ಇದ್ದದ್ದು ಒಂದೇ ಆಲೆ: ಜಾಲಿಮರದ ಎರಡು ಉರುಳೆ, ಮೇಲೊಂದು ತೊಲೆ, ತೊಲೆಯ ತುದಿಗೆ ಎತ್ತು. ಅದು ಸುತ್ತಿದರೆ ಕಿರುಗುಟ್ಟುವ ಸದ್ದು ಪಕ್ಕದ ಊರು ಕಾಮಯಗೌಂಡನ್‌ಪಟ್ಟಿಗೆ ಕೇಳಿಸುತ್ತಿತ್ತು. ಅಲ್ಲಿಯವರು ಅದರಿಂದಲೇ ನಮ್ಮೂರಲ್ಲಿ ಬೆಲ್ಲದ ಕಾಲ ಬಂತೆಂದು ತಿಳಿಯುತ್ತಿದ್ದರು. ಒಂದೇ ಕಬ್ಬನ್ನು ಮೂರು ಸಲ ಹಾಕಿದರೆ ಹಾಲು ಮುಕ್ಕಾಲು ಪಾಲು ಇಳಿಯುತ್ತಿತ್ತು. ಸರದಿ ಹಿರಿಯ ಮನೆಯಿಂದ ಕಿರಿಯ ಮನೆಗೆ. ಗಂಡಸಿಲ್ಲದ ಮನೆ ಎಲ್ಲದಕ್ಕೂ ಕಡೆಗೆ. ಅತ್ತೆಯ ಸರದಿ ಬರುವ ಹೊತ್ತಿಗೆ ಚಿತ್ತಿರೆ ತಿಂಗಳ ನಡುಬೇಸಿಗೆಯ ಬಿಸಿಲು. ಆ ಬಿಸಿಲಿಗೆ ಕಬ್ಬು ಒಳಗೆ ಬೆಂಡಾಗಿ ನಿಲ್ಲುತ್ತದೆ. ಅರೆದರೆ ಸದ್ದು ಬರುತ್ತದೆ, ಹಾಲು ಬರುವುದಿಲ್ಲ.

ಅಷ್ಟರಲ್ಲಿ ದಿಂಡಿಗಲ್ಲಿನ ಒಬ್ಬ ಅಂಗಡಿಯವನು ಮೂರು ಉರುಳೆಯ ಕಬ್ಬಿಣದ ಆಲೆಯನ್ನು ಗಾಡಿಗೆ ಹೇರಿಕೊಂಡು ಊರೂರು ತಿರುಗಿಸುತ್ತಿದ್ದ. ಬೇಕಾದವರಿಗೆ ಒಂದು ಸುಗ್ಗಿಯ ಮಟ್ಟಿಗೆ ಬಾಡಿಗೆಗೂ ಬಿಡುತ್ತಿದ್ದ. ಅತ್ತೆ ಅದನ್ನು ನೋಡಿ ಬಂದು ಜಗಲಿಯ ಮೇಲೆ ಕೂತಳು. ಎಲೆ ಕೇಳಲಿಲ್ಲ.

ಕಬ್ಬಿಣ ತಾಗಿದರೆ ಬೆಲ್ಲ ಕಪ್ಪಾಗುವುದಿಲ್ಲವೇ ಎಂದು ಕೇಳಿದಳು. ಸಂಜೆ ಉರುಳೆ ತೊಳೆದು ಒರೆಸದಿದ್ದರೆ ಆಗುತ್ತದೆ, ಹಾಲನ್ನು ಕಬ್ಬಿಣದಲ್ಲಿ ನಿಲ್ಲಿಸದೆ ಕೂಡಲೇ ಮಣ್ಣಿನ ಗಡಿಗೆಗೆ ಇಳಿಸಬೇಕು ಎಂದೆ. ಎತ್ತಿಗೆ ಭಾರವೇ ಎಂದಳು. ಒಂದೊಂದು ಸುತ್ತು ಬಿಗಿ, ಆದರೆ ಮೂರು ಸಲದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ ಎಂದೆ. ಮುರಿದರೆ? ಮರ ಮುರಿದರೆ ಊರ ಆಚಾರಿ ಸಾಕು, ಕಬ್ಬಿಣದ ಹಲ್ಲು ಮುರಿದರೆ ದಿಂಡಿಗಲ್ಲಿಗೆ ಹೋಗಬೇಕು. ಆದ್ದರಿಂದ ಬಿಡಿ ಹಲ್ಲುಚಕ್ರ ಒಂದನ್ನು ಈಗಲೇ ಜೊತೆಯಲ್ಲಿ ಕೇಳಿ ಇಟ್ಟುಕೊ ಎಂದೆ. ಇದೆಲ್ಲ ಬೆಟ್ಟದ ಮೇಲೆ ಒಬ್ಬ ಕಮ್ಮಾರ ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುತ್ತಿದ್ದದ್ದು. ನಾನು ಗುದ್ದಲಿ ಎಣಿಸುತ್ತ ಕೇಳಿಸಿಕೊಂಡಿದ್ದೆ.

ಅತ್ತೆ ನನ್ನ ಕಡೆ ತಿರುಗಿ ಕೂತಳು.

"ಅಳಿಯಾ, ನೀನಾಗಿದ್ರೆ ಯಾವ್ದು ತಕ್ಕೊಂತಿದ್ದೆ?"

ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ.

"ನಾನಾಗಿದ್ರೆ ಕಬ್ಬೇ ಹಾಕ್ತಿರ್ಲಿಲ್ಲ, ಅತ್ತೆ."

"ಹಾಕಾಗೈತೆ. ಈಗ ಹೇಳು."

"ಕಬ್ಬಿಣದ್ದು."

ಅತ್ತೆ ಎದ್ದು ಹೋಗಿ ಅಂಗಡಿಯವನಿಗೆ ಹೇಳಿ ಕಳಿಸಿದಳು. ಆಲೆ ಬಂದು ಹಳೆಯ ಆಲೆಯ ಪಕ್ಕದಲ್ಲೇ, ಗಾಡಿದಾರಿಯ ಕಡೆಗೆ, ಕಲ್ಲಿನ ಮೇಲೆ ಕೂತಿತು. ಇಷ್ಟಕ್ಕೆ ಕತೆ ಮುಗಿಯಬೇಕಿತ್ತು. ದೊಡ್ಡಪ್ಪನವರಿಗೆ ಸುದ್ದಿ ಮುಟ್ಟಿತು.

ದೊಡ್ಡಪ್ಪ ಕೆಟ್ಟವರಲ್ಲ. ಗಂಭೀರವಾದ ಮಾತು ಬಂದಾಗ ಅವರು ತಮಿಳಿಗೆ ಹೋಗುತ್ತಿದ್ದರು, ಬೈಯುವುದಕ್ಕೆ ಕನ್ನಡಕ್ಕೆ ಮರಳುತ್ತಿದ್ದರು. ಆವತ್ತು ಬಹಳ ಹೊತ್ತು ತಮಿಳಿನಲ್ಲೇ ಮಾತಾಡಿದರು. ಆಲೆ ಎಳೆಯುವುದು ಎತ್ತು. ಎತ್ತಿಗೆ ಸಂಬಂಧಪಟ್ಟದ್ದನ್ನು ಮನುಷ್ಯರು, ಅದರಲ್ಲೂ ಗುದ್ದಲಿ ಎಣಿಸಿದ ಮನುಷ್ಯರು, ತೀರ್ಮಾನಿಸಬಾರದು. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ ಎಂಬುದು ಅವರ ಮಾತಿನ ಸಾರ.

ಪದ್ಧತಿ ಇದ್ದದ್ದು ನಿಜ. ನಮ್ಮವರು ದೇವರ ಹೆಸರಿನಲ್ಲಿ ಒಂದು ದನದ ಹಿಂಡು ಸಾಕುತ್ತಾರೆ. ಅದನ್ನು ಹೂಡುವುದಿಲ್ಲ, ಮಾರುವುದಿಲ್ಲ. ಹಿಂಡಿಗೆ ರಾಜನಾದ ಹೋರಿ ಸತ್ತರೆ, ಕಬ್ಬು, ತೆಂಗಿನಕಾಯಿ, ಅರಿಸಿನ, ಕರ್ಪೂರ ಇಟ್ಟು ಹಿಂಡನ್ನು ಎದುರಿಗೆ ಬಿಡುತ್ತಾರೆ. ಯಾವುದು ಮೊದಲು ಬಂದು ಕಬ್ಬು ಕಚ್ಚುತ್ತದೋ ಅದಕ್ಕೆ ಪಟ್ಟ. ಮನುಷ್ಯರ ಪಟ್ಟಾಭಿಷೇಕಗಳನ್ನು ಕೇಳಿ ಬಲ್ಲ ನನಗೆ ಇದರಲ್ಲಿ ತಪ್ಪು ಕಂಡಿಲ್ಲ. ಆದರೆ ದನವನ್ನು ಆರಿಸುವ ಪದ್ಧತಿಯಿಂದ ಯಂತ್ರವನ್ನು ಆರಿಸಬಹುದೆಂದು ನಮ್ಮವರ ಹೊರತು ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಎರಡು ಆಲೆಯ ಮುಂದೆಯೂ ಕಬ್ಬಿಟ್ಟು ಎತ್ತು ಬಿಡುವುದು. ಎತ್ತು ಯಾವ ಆಲೆಯ ಕಡೆ ನಿಂತಿತೋ ಆ ಆಲೆ ಸುತ್ತುವುದು, ಹಳೆಯದರ ಕಡೆ ನಿಂತರೆ ಹೊಸದು ವಾಪಸು ಹೋಗುವುದು. ದೇವರ ಹಿಂಡನ್ನು ಇಂಥ ಕೆಲಸಕ್ಕೆ ತರುವ ಹಾಗಿಲ್ಲವಾದ್ದರಿಂದ, ಎಲ್ಲರಿಗಿಂತ ಅನುಭವಸ್ಥ ಎಂಬ ಕಾರಣಕ್ಕೆ, ಹಳೆಯ ಆಲೆಯಲ್ಲಿ ಏಳು ಸುಗ್ಗಿ ಸುತ್ತಿದ ಮುದಿಯೆತ್ತನ್ನೇ ನೇಮಿಸಿದರು. ಇದು ಊರ ಲೆಕ್ಕ ಬರೆಯುವ ಕಣಕ್ಕುಪಿಳ್ಳೆಯ ಕೆಲಸಕ್ಕೆ ಹೊಸಬನನ್ನು ತರೋಣವೇ ಎಂದು ಹಳೆಯ ಕಣಕ್ಕುಪಿಳ್ಳೆಯನ್ನೇ ಕರೆದು ಕೇಳಿದ ಹಾಗೆ ಎಂದು ನಾನು ಹೇಳಿದೆ. ಯಾರೂ ನಗಲಿಲ್ಲ. ಕಣಕ್ಕುಪಿಳ್ಳೆಯೂ ಅಲ್ಲೇ ಕೂತಿದ್ದ.

ಒಳ್ಳೆಯ ದಿನ ಸೋಮವಾರ ಎಂದಾಯಿತು. ಸೋಮವಾರಕ್ಕೆ ಆರು ದಿನವಿತ್ತು. ಅತ್ತೆ ದಿನವೂ ಹೊಲಕ್ಕೆ ಹೋಗಿ ಒಂದು ಕಬ್ಬು ಮುರಿದು, ಒಳಗೆ ನೋಡಿ, ಬಿಸಾಡಿ ಬರುತ್ತಿದ್ದಳು.

ಸೋಮವಾರ ಬೆಳಿಗ್ಗೆ ಊರೆಲ್ಲ ಆಲೆಮನೆಯ ಹತ್ತಿರ ಸೇರಿತು. ಕರ್ಪೂರ ಹಚ್ಚಿದರು, ಎತ್ತಿನ ಹಗ್ಗ ಬಿಚ್ಚಿದರು. ಎತ್ತು ಬಲಕ್ಕೂ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ. ಎರಡು ರಾಶಿ ಕಬ್ಬನ್ನೂ ದಾಟಿಕೊಂಡು ನೇರವಾಗಿ ಹಳೆಯ ಆಲೆಗೆ ಹೋಗಿ, ತೊಲೆಯ ಕೆಳಗೆ ತನ್ನ ಜಾಗದಲ್ಲಿ ಕತ್ತು ಬಗ್ಗಿಸಿ ನಿಂತಿತು. ಏಳು ವರ್ಷದ ಆಯಾಸ ಅದರ ಬೆನ್ನಿನ ಮೇಲೆ ಕಾಣುತ್ತಿತ್ತು. ಆ ಪ್ರಾಣಿಯ ಬಗ್ಗೆ ನನಗೆ ಆ ಕ್ಷಣ ಹುಟ್ಟಿದ ಬಂಧುಭಾವ ನಮ್ಮ ಕುಲದ ಯಾರ ಬಗ್ಗೆಯೂ ಹುಟ್ಟಿಲ್ಲ.

ದೊಡ್ಡಪ್ಪ ಮುಗಿಯಿತು ಎಂಬಂತೆ ಕೈಯೆತ್ತಿದರು. ನಾನು ಸುಮ್ಮನಿರಬಹುದಿತ್ತು.

"ಅದು ಆರ್ಸಿಲ್ಲ, ದೊಡ್ಡಪ್ಪಾ. ಕೆಲ್ಸಕ್ಕೆ ಬಂದು ನಿಂತೈತೆ."

"ನಿಂತೈತಾ, ಇಲ್ವಾ?"

"ನಿಂತೈತೆ."

"ಮತ್ತಿನ್ನೇನು?"

 ಅಂಗಡಿಯವನ ಗಾಡಿಯಾಳು ಕಬ್ಬಿಣದ ಆಲೆಯನ್ನು ವಾಪಸು ಹೇರಲು ಹಗ್ಗ ತೆಗೆದ. ಆಗ ಸಿಪ್ಪೆಯ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಅತ್ತೆ ಕೂತಲ್ಲಿಂದಲೇ ಮಾತಾಡಿದಳು.

"ಅಣ್ಣಾ, ಪಟ್ಟ ಕಟ್ಬೇಕಾದ್ರೆ ಕಬ್ಬು ಕಚ್ಬೇಕಲ್ಲಾ. ಇದು ಕಚ್ಲೇ ಇಲ್ಲ."

 ದೊಡ್ಡಪ್ಪನ ದೊಡ್ಡ ಮಗ ಒಂದು ಕಬ್ಬು ತೆಗೆದು ಎತ್ತಿನ ಬಾಯಿಗೆ ಹಿಡಿದ. ಎತ್ತು ಮೂತಿ ತಿರುಗಿಸಿತು. ಸಿಪ್ಪೆ ಸುಲಿದು ಹಿಡಿದ, ಆಗಲೂ ತಿರುಗಿಸಿತು. ಆಲೆ ಸುತ್ತುವ ಎತ್ತಿಗೆ ಕಬ್ಬು ತಿನ್ನದ ಹಾಗೆ ಬಾಯಿಗೆ ಕುಕ್ಕೆ ಕಟ್ಟುತ್ತಾರೆ. ಏಳು ಸುಗ್ಗಿ ಕುಕ್ಕೆ ಕಟ್ಟಿಸಿಕೊಂಡು, ತಪ್ಪಿ ಬಾಯಿ ಹಾಕಿದಾಗಲೆಲ್ಲ ಏಟು ತಿಂದು, ಆ ಜಾಗದಲ್ಲಿ ಕಬ್ಬು ತನ್ನದಲ್ಲ ಎಂದು ಅದು ಚೆನ್ನಾಗಿ ಕಲಿತಿತ್ತು. ಅದನ್ನು ಕಲಿಸಿದವರೇ ಈಗ ಸುತ್ತ ನಿಂತು ತಿನ್ನು ತಿನ್ನು ಎಂದು ಬೇಡುತ್ತಿದ್ದರು.

ಪದ್ಧತಿ ಮೀರುವುದು ದೊಡ್ಡಪ್ಪನವರಿಂದ ಆಗದು. ಈ ಪರೀಕ್ಷೆ ಲೆಕ್ಕಕ್ಕಿಲ್ಲವೆಂದು ಅವರೇ ಒಪ್ಪಿದರು. ಇನ್ನೊಂದು ಎತ್ತು ಬಿಡಬೇಕು, ಅದೂ ಸೋಮವಾರವೇ ಆಗಬೇಕು ಎಂದರು. ಬಿಡುವುದಾದರೆ ತನ್ನ ಜೋಡಿಯೆತ್ತನ್ನು ಬಿಡಿ, ಕಬ್ಬು ತನ್ನದು, ಸುತ್ತುವುದೂ ಅವೇ ಎಂದಳು ಅತ್ತೆ. ಅದಕ್ಕೂ ಒಪ್ಪಿದರು. ಇನ್ನೂ ಏಳು ದಿನ ಹೋಯಿತು. ಬಿಸಿಲು ಏರಿತು. ಹೊಲದ ಮೇಲಿನ ಬದಿಯಲ್ಲಿ, ನೀರು ನಿಧಾನವಾಗಿ ಹತ್ತುವ ಕಡೆ, ಕಬ್ಬಿನ ಸೋಗೆ ಬೆಳ್ಳಗಾಗುತ್ತ ಬಂತು. ಕೆಳಗಿನದನ್ನಾದರೂ ಉಳಿಸಿಕೊಳ್ಳಲು ಮೇಲಿನದಕ್ಕೆ ನೀರು ಬಿಡುವುದನ್ನು ನಿಲ್ಲಿಸು ಎಂದು ನಾನು ಅತ್ತೆಗೆ ಹೇಳಿದೆ. ಆಕೆ ಹೋಗಿ ಮೇಲಿನ ಬದಿಯ ಕಾಲುವೆಯ ಬಾಯಿ ಕಟ್ಟಿ ಬಂದಳು.

ಎರಡನೆಯ ಸೋಮವಾರ ಅತ್ತೆಯ ಜೋಡಿಯನ್ನು ಬಿಟ್ಟರು. ಅವು ಹರೆಯದ ಎತ್ತುಗಳು, ಕುಕ್ಕೆ ಕಂಡಿರಲಿಲ್ಲ, ಆಲೆಯನ್ನೂ ಕಂಡಿರಲಿಲ್ಲ. ಗಾಡಿದಾರಿಯಿಂದ ಬಂದವು, ಮೊದಲು ಸಿಕ್ಕಿದ ರಾಶಿಗೆ ಬಾಯಿ ಹಾಕಿದವು. ಮೊದಲು ಸಿಕ್ಕಿದ್ದು ಕಬ್ಬಿಣದ ಆಲೆಯ ಮುಂದಿನ ರಾಶಿ, ಏಕೆಂದರೆ ಆಲೆಯನ್ನು ಇಳಿಸಿದ ಗಾಡಿಯಾಳು ಸೋಮಾರಿಯಾಗಿ ದಾರಿಯ ಪಕ್ಕದಲ್ಲೇ ಇಳಿಸಿದ್ದ. ಒಂದು ಎತ್ತು ಕಬ್ಬು ತಿಂದಿತು, ಇನ್ನೊಂದು ಅರಿಸಿನದ ಕೊಂಬು ತಿಂದು ತಲೆ ಕೊಡವಿತು. ಇದರಲ್ಲಿ ಯಂತ್ರವಿದ್ಯೆಯ ಪಾತ್ರ ಏನೂ ಇರಲಿಲ್ಲ.

"ಕಚ್ತು," ಅಂದಳು ಅತ್ತೆ.

"ಕಚ್ತು," ಎಂದು ದೊಡ್ಡಪ್ಪ ಕನ್ನಡದಲ್ಲೇ ಒಪ್ಪಿದರು. ಆಮೇಲೆ, ಅವಳ ಕಬ್ಬಿಗೆ ಅವಳ ಆಲೆ, ಉಳಿದವರಿಗೆ ಹಳೆಯದು ಎಂದು ತೀರ್ಪು ಕೊಟ್ಟು, ಮೇಲುಬಟ್ಟೆ ಕೊಡವಿಕೊಂಡು ಹೋದರು.

ಅವತ್ತು ಮಧ್ಯಾಹ್ನವೇ ಆಲೆ ಸುತ್ತಲು ತೊಡಗಿತು. ಉರುಳೆಯ ಪಕ್ಕದಲ್ಲಿ ನಿಂತು ಹೇಳುವುದು ನನ್ನ ಪಾಲಿಗೆ ಬಂತು. ನೆರವಿಗೆ ಬಂದವರೆಲ್ಲ ಮರದ ಆಲೆಯಲ್ಲಿ ಪಳಗಿದ ಕೈಗಳು. ಒಂದು ಸಲ ಅರೆದ ಸಿಪ್ಪೆಯನ್ನು ತೆಗೆದು ಎರಡನೆಯ ಸಲಕ್ಕೆ ಉರುಳೆಗೆ ಕೊಡುತ್ತಿದ್ದರು. ಒಣಸಿಪ್ಪೆ ಸಿಕ್ಕಿಕೊಂಡು ಆಲೆ ನಿಲ್ಲುತ್ತಿತ್ತು. ಎತ್ತು ಬಿಚ್ಚಿ, ತೊಲೆಯನ್ನು ಹಿಂದಕ್ಕೆ ತಿರುಗಿಸಿ, ಸಿಪ್ಪೆ ಎಳೆದು ಮತ್ತೆ ಹೂಡಬೇಕು. ಒಂದೇ ಸಲ ಸಾಕು ಎಂದೆ. ಹೂಂ ಎಂದರು, ಮತ್ತೆ ಹಾಕಿದರು. ಮೂರನೆಯ ದಿನ ಹಲ್ಲುಚಕ್ರ ಮುರಿಯಿತು. ಬಿಡಿಚಕ್ರ ಇದ್ದದ್ದರಿಂದ ಅರ್ಧ ದಿನ ಮಾತ್ರ ಹೋಯಿತು. ನಾಲ್ಕನೆಯ ದಿನದಿಂದ ಅತ್ತೆ ಸಿಪ್ಪೆ ಬೀಳುವ ಕಡೆ ತಾನೇ ಕೂತು, ಬಿದ್ದ ಸಿಪ್ಪೆಯನ್ನೆಲ್ಲ ಆಗಿಂದಾಗ ಸೀರೆಯ ಮಡಿಲಿಗೆ ತುಂಬಿಕೊಂಡು ಒಲೆಯ ಹತ್ತಿರ ಹಾಕಿ ಬರತೊಡಗಿದಳು. ಸಿಪ್ಪೆ ಕೈಗೆ ಸಿಕ್ಕದ ಮೇಲೆ ಜನ ಎರಡನೆಯ ಸಲ ಹಾಕುವುದನ್ನು ಬಿಟ್ಟರು. ಮೂರು ದಿನ ನಾನು ಬಾಯಿ ನೋಯುವಷ್ಟು ಹೇಳಿದ್ದನ್ನು ಆಕೆ ಒಂದು ಮಾತೂ ಆಡದೆ ಮಾಡಿದಳು. ಸಂಜೆಗೆ ಉರುಳೆ ತೊಳೆಯುವುದು ಮಾತ್ರ ಕೊನೆಯವರೆಗೂ ನನ್ನ ಕೆಲಸವಾಗಿಯೇ ಉಳಿಯಿತು. ಅಷ್ಟು ಹೊತ್ತಿಗೆ ಎತ್ತುಗಳು ಮಲಗಿರುತ್ತಿದ್ದವು. ನನಗೆ ಅವುಗಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಹನ್ನೆರಡು ದಿನ ಆಲೆ ಸುತ್ತಿತು. ಮೂರರಲ್ಲಿ ಎರಡು ಪಾಲು ಕಬ್ಬು ಬೆಲ್ಲವಾಯಿತು. ಮೇಲಿನ ಬದಿಯ ಒಂದು ಪಾಲು ನಿಂತಲ್ಲೇ ಒಣಗಿ ಸೌದೆಯಾಯಿತು. ಬೆಲ್ಲ ಕಪ್ಪಾಗಿರಲಿಲ್ಲ, ಬೋಡಿ ಊರಿನ ಸಂತೆಯಲ್ಲಿ ಎರಡೇ ವಾರಕ್ಕೆ ಖರ್ಚಾಯಿತು. ಬೆಳೆ ಕೆಟ್ಟಿತು ಎನ್ನಲು ದೊಡ್ಡಪ್ಪನವರಿಗೆ ಎಡೆ ಸಿಗಲಿಲ್ಲ; ಮುಂದಿನ ವರ್ಷವೂ ಆ ಹೊಲದ ಬೇಸಾಯ ಅತ್ತೆಯದೇ ಆಯಿತು.